ಮೂರು ದಿನದ ರಜೆ, ಹಟದ ಮಗ, ಮಂಡಿನೋವಿನ ಅಪ್ಪ: ಯಾವ ಕಾಡಿಗೆ ಹೋಗುವುದು?

ಪ್ರಶ್ನೆ: ನಾವು ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದವರು. ಕಳೆದ ವರ್ಷ ಕ್ರಿಸ್ಮಸ್ ರಜೆಯಲ್ಲಿ ನಾಗರಹೊಳೆಗೆ ಹೋಗಿ ಸಫಾರಿ ಮಾಡಿದೆವು. ಜಿಂಕೆ, ನವಿಲು, ಪೊದೆಯ ಆಚೆ ಒಂದು ಆನೆಯ ಬೆನ್ನು, ಅಷ್ಟೇ. ಬಸ್ಸಿನಿಂದ ಕೆಳಗೆ ಕಾಲಿಡಲೂ ಬಿಡಲಿಲ್ಲ. ಈ ಸಲ ಪ್ರಾಣಿಯೂ ಕಾಣಬೇಕು, ಕಾಡಿನಲ್ಲಿ ನಡೆಯಲೂ ಬೇಕು ಎಂದು 12 ವರ್ಷದ ಮಗನ ಹಟ. ಅಪ್ಪನಿಗೆ 70, ಮಂಡಿನೋವು. ಆದರೆ ಬಿಟ್ಟು ಹೋದರೆ ಬೇಸರ ಮಾಡಿಕೊಳ್ಳುತ್ತಾರೆ. ಹೆಂಡತಿಗೆ ಉಂಬಳ ಎಂದರೆ ಆಗದು. ಡಿಸೆಂಬರಿನಲ್ಲಿ ಮೂರು ದಿನ ಸಿಗುತ್ತದೆ. ಕುದುರೆಮುಖ ಆಗಬಹುದೇ, ಸೈಲೆಂಟ್ ವ್ಯಾಲಿಯೇ, ಇಲ್ಲ ಮತ್ತೆ ನಾಗರಹೊಳೆಯೇ?

ಉತ್ತರ: ನೀವು ಕೇಳಿದ್ದು ಒಂದು ಪ್ರಶ್ನೆಯ ಹಾಗೆ ಕಂಡರೂ ಒಳಗೆ ಎರಡಿವೆ, ಅವೆರಡಕ್ಕೂ ಒಂದಕ್ಕೊಂದು ಆಗಿಬರುವುದಿಲ್ಲ. ದೊಡ್ಡ ಪ್ರಾಣಿ ಸುಲಭದಲ್ಲಿ ಕಾಣುವ ಕಾಡಿನಲ್ಲಿ ನಿಮ್ಮನ್ನು ನಡೆಯಲು ಬಿಡುವುದಿಲ್ಲ. ನಡೆಯಲು ಬಿಡುವ ಕಾಡಿನಲ್ಲಿ ದೊಡ್ಡ ಪ್ರಾಣಿ ಸುಲಭದಲ್ಲಿ ಕಾಣುವುದಿಲ್ಲ. ಇದರಲ್ಲಿ ಅರ್ಧ ಫಾರೆಸ್ಟಿನವರ ನಿಯಮ, ಅರ್ಧ ಕಾಡಿನದೇ ಗುಣ. ಆ ಗುಣ ಏನೆಂದು ಗೊತ್ತಾದರೆ ಎಲ್ಲಿಗೆ ಹೋಗಬೇಕೆಂದು ನಾನು ಹೇಳಬೇಕಾಗಿಯೇ ಇಲ್ಲ, ನೀವೇ ತೀರ್ಮಾನ ಮಾಡಬಹುದು.

ನಿಮ್ಮ ತೋಟವನ್ನೇ ನೋಡಿ. ಕಂಗಿನ ನೆರಳು ಗಟ್ಟಿಯಾಗಿರುವಲ್ಲಿ ದನಕ್ಕೆ ಒಂದು ಹೊರೆ ಹುಲ್ಲು ಸಿಗುತ್ತದೆಯೇ? ಇಲ್ಲ. ಅದೇ ತೋಟದ ಮೇಲಿನ ಬೋಳು ಗುಡ್ಡೆಯಲ್ಲಿ ಮಳೆಗಾಲ ಕಳೆಯುವ ಹೊತ್ತಿಗೆ ಮುಳಿಹುಲ್ಲು ಸೊಂಟದವರೆಗೆ ಬಂದಿರುತ್ತದೆ. ಘಟ್ಟದ ನಿತ್ಯಹರಿದ್ವರ್ಣ ಕಾಡೆಂದರೆ ಹತ್ತು ಪಟ್ಟು ದಟ್ಟವಾದ ತೋಟ ಎಂದುಕೊಳ್ಳಿ. ಮರಗಳು 30–40 ಮೀಟರ್ ಮೇಲೆ ಹೋಗಿ ಛಾವಣಿ ಹಾಕಿಬಿಟ್ಟಿರುತ್ತವೆ. ಚಿಗುರು, ಹೂ, ಹಣ್ಣು ಎಲ್ಲವೂ ಆ ಛಾವಣಿಯಲ್ಲಿ. ಕೆಳಗೆ ಬರೀ ತರಗೆಲೆ, ಬೇರು, ಬೆತ್ತದ ಮುಳ್ಳು. ಹುಲ್ಲಿಲ್ಲದಲ್ಲಿ ಜಿಂಕೆಯ ಹಿಂಡು ಇರುವುದಿಲ್ಲ, ಜಿಂಕೆ ಕಡವೆ ಕಡಿಮೆಯಾದಲ್ಲಿ ಹುಲಿಯೂ ಕಡಿಮೆ. ಇದ್ದ ಪ್ರಾಣಿಯೂ ಇಪ್ಪತ್ತು ಹೆಜ್ಜೆಯ ಆಚೆ ನಿಂತರೆ ನಿಮಗೆ ಕಾಣದು. ಈ ಕಾಡಿನ ಜನಸಂದಣಿಯೆಲ್ಲ ನಿಮ್ಮ ತಲೆಯ ಮೇಲೆ ಇದೆ: ಮಂಗ, ಕೆಂಜಳಿಲು, ಮಂಗಟ್ಟೆ (ಹಾರ್ನ್‌ಬಿಲ್ ಹಕ್ಕಿ), ಕಪ್ಪೆ, ಜೀರುಂಡೆ.

ನಾಗರಹೊಳೆ ಆ ಜಾತಿಯ ಕಾಡಲ್ಲ. ಹೆಚ್ಚಿನ ಭಾಗ ಎಲೆ ಉದುರಿಸುವ ಮರಗಳದ್ದು: ತೇಗ, ಮತ್ತಿ, ಹೊನ್ನೆ, ನಡುವೆ ಬಿದಿರು. ಬಿಸಿಲು ನೆಲಕ್ಕೆ ಬೀಳುತ್ತದೆ, ಹುಲ್ಲು ಬರುತ್ತದೆ, ಅಲ್ಲಿನವರು ಹಡ್ಲು ಎಂದು ಕರೆಯುವ ಜೌಗು ಹುಲ್ಲುಬಯಲುಗಳಿವೆ. ಹಾಗಾಗಿ ಕಾಟಿ, ಕಡವೆ, ಜಿಂಕೆ, ಅವುಗಳ ಹಿಂದೆ ಹುಲಿ, ಚಿರತೆ, ಕೆನ್ನಾಯಿ. ಹುಲಿ ಅಷ್ಟು ಒತ್ತಾಗಿರುವಲ್ಲಿ ಹುಡುಗನ ಕೈ ಹಿಡಿದುಕೊಂಡು ನಡೆಯಲು ಯಾರೂ ಬಿಡುವುದಿಲ್ಲ, ಬಿಡಲೂಬಾರದು.

ಹಾಗಾದರೆ ನಿಮಗೇಕೆ ಏನೂ ಕಾಣಲಿಲ್ಲ? ಡಿಸೆಂಬರಿನಲ್ಲಿ ಹೋದಿರಿ, ಅದಕ್ಕೆ. ಆಗ ಎಲೆ ಇನ್ನೂ ಉದುರಿರುವುದಿಲ್ಲ, ಕಾಡಿನ ಒಳಗಿನ ಎಲ್ಲ ಕೆರೆ ತೋಡುಗಳಲ್ಲಿ ನೀರು ಇರುತ್ತದೆ, ಯಾವ ಪ್ರಾಣಿಗೂ ರಸ್ತೆಬದಿಯ ಕೆರೆಗೇ ಬರಬೇಕೆಂಬ ಗರಜು ಇಲ್ಲ. ಮಾರ್ಚ್, ಏಪ್ರಿಲಿನಲ್ಲಿ ನೀರು ನಾಲ್ಕಾರು ಕಡೆ ಮಾತ್ರ ಉಳಿಯುತ್ತದೆ. 1974ರಲ್ಲಿ ಕಟ್ಟಿ ಮುಗಿಸಿದ ಕಬಿನಿ ಅಣೆಕಟ್ಟಿನ ಹಿನ್ನೀರು ಆಗ ಇಳಿದು, ಬಯಲಾದ ನೆಲದಲ್ಲಿ ಹಸಿರು ಹುಲ್ಲು ಚಿಗುರುತ್ತದೆ. ನಾಗರಹೊಳೆ, ಬಂಡೀಪುರ, ವಯನಾಡಿನ ಆನೆಗಳು ಅಲ್ಲಿ ಬಂದು ಸೇರುತ್ತವೆ. ಸೆಕೆ ತಡೆಯುವುದಾದರೆ ಪರೀಕ್ಷೆ ಮುಗಿದ ಮರುದಿನವೇ ಮಗನನ್ನು ಕರೆದುಕೊಂಡು ಹೋಗಿ. ಒಂದು ಜಾಗ್ರತೆ: 2025ರ ನವೆಂಬರಿನಲ್ಲಿ ಕಾಡಂಚಿನ ಊರುಗಳಲ್ಲಿ ಹುಲಿ ದಾಳಿಯಾದಾಗ ಬಂಡೀಪುರ, ನಾಗರಹೊಳೆಯ ಸಫಾರಿಯನ್ನೇ ನಿಲ್ಲಿಸಿದ್ದರು. ಹೊರಡುವ ಮೊದಲು ತೆರೆದಿದೆಯೇ ಎಂದು ಕೇಳಿಕೊಳ್ಳಿ. ಈ ಡಿಸೆಂಬರಿಗೆ ಮಾತ್ರ ಅದು ಬೇಡ.

ಇನ್ನು ಕುದುರೆಮುಖ. ಇದರ ಬಗ್ಗೆ ನನಗೆ ಪಕ್ಷಪಾತ ಇದೆ, ಮೊದಲೇ ಹೇಳಿಬಿಡುತ್ತೇನೆ. 600 ಚದರ ಕಿಲೋಮೀಟರಿನಷ್ಟು ಕಾಡು, 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಹುಲಿಯ ನೆಪದಲ್ಲಿ ಆದದ್ದಲ್ಲ ಇದು, ಒಂದು ಮಂಗನ ನೆಪದಲ್ಲಿ ಆದದ್ದು: ಸಿಂಗಳೀಕ. 1980ರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಸಿಂಗಳೀಕದ ಸಮೀಕ್ಷೆ ಮಾಡಿ, ಇಲ್ಲಿನ ಮಳೆಕಾಡನ್ನು ಉಳಿಸಿದರೆ ಮಾತ್ರ ಅದು ಉಳಿದೀತು ಎಂದು ತೋರಿಸಿಕೊಟ್ಟರು. ಅದೇ ಬೆಟ್ಟದಲ್ಲಿ ಕಬ್ಬಿಣದ ಅದಿರಿನ ಗಣಿ 2005ರ ಕೊನೆಯವರೆಗೂ ನಡೆಯಿತು, ಸುಪ್ರೀಂ ಕೋರ್ಟಿನ ಆದೇಶದಿಂದ ನಿಂತಿತು. ಕಾರ್ಕಳ, ಬಜಗೋಳಿ ದಾಟಿ ಮಾಳ ಘಾಟಿ ಹತ್ತಿ ಹೋದರೆ ಆ ಗಣಿಯ ಊರು ಈಗಲೂ ಸಿಗುತ್ತದೆ, ಖಾಲಿ ಕ್ವಾರ್ಟರ್ಸುಗಳ ಸಮೇತ.

ಶಿಖರ 1,894 ಮೀಟರ್. ಸಂಸೆ ಹತ್ತಿರದಿಂದ ಮುಳ್ಳೋಡಿಯವರೆಗೆ ಜೀಪು, ಅಲ್ಲಿಂದ ನಡಿಗೆ. ಹೋಗಿ ಬರಲು ಹತ್ತಿರ ಹತ್ತಿರ 20 ಕಿಲೋಮೀಟರ್, ಏಳೆಂಟು ಗಂಟೆಯ ಕೆಲಸ. ದಿನಕ್ಕೆ 300 ಜನಕ್ಕೆ ಮಾತ್ರ ಅನುಮತಿ, ಅದನ್ನೂ ಆನ್‌ಲೈನಿನಲ್ಲಿ ಮೊದಲೇ ತೆಗೆದುಕೊಳ್ಳಬೇಕು. ಗೈಡ್ ಇಲ್ಲದೆ ಬಿಡುವುದಿಲ್ಲ, ಮೇಲೆ ಟೆಂಟ್ ಹಾಕಲು ಇಲ್ಲ, ಸಂಜೆಯೊಳಗೆ ಇಳಿದಿರಬೇಕು. ಡಿಸೆಂಬರಿನ ಶನಿವಾರ, ಭಾನುವಾರಕ್ಕೆ ಹಿಂದಿನ ವಾರ ಹುಡುಕಿದರೆ ಜಾಗ ಸಿಗುವ ಆಸೆ ಇಟ್ಟುಕೊಳ್ಳಬೇಡಿ.

ಆ ದಾರಿಯಲ್ಲಿ ಏನು ಕಾಣುತ್ತದೆ ಎಂದು ಕೇಳಿದರೆ, ಮೊದಲು ಕಾಣುವುದು ಬೆಟ್ಟದ ಆಕಾರ. ಬೆನ್ನಿನ ಮೇಲೆಲ್ಲ ಹುಲ್ಲು, ಮಡಿಕೆಗಳಲ್ಲಿ ಮಾತ್ರ ಕಾಡು. ಯಾರೋ ಹಸಿರು ಕಂಬಳಿಯನ್ನು ಕಣಿವೆಗಳಿಗೆ ತುರುಕಿದ ಹಾಗೆ. ಮಡಿಕೆಯ ಆ ಕಾಡನ್ನೇ ಶೋಲಾ ಎನ್ನುವುದು. ಹುಲ್ಲುಗಾವಲನ್ನು ನೋಡಿ ಇಲ್ಲಿ ಕಾಡು ಕಡಿದಿದ್ದಾರೆ ಎಂದು ಹೇಳುವವರು ಪ್ರತಿ ಗುಂಪಿನಲ್ಲಿ ಒಬ್ಬರಾದರೂ ಇರುತ್ತಾರೆ. ಹಾಗಲ್ಲ, ಅದು ಮೊದಲಿನಿಂದಲೂ ಇರುವ ಹುಲ್ಲು. ಮಳೆಯ ನೀರನ್ನು ಕುಡಿದಿಟ್ಟುಕೊಂಡು ಬೇಸಿಗೆಯವರೆಗೆ ತೋಡಿಗೆ ಬಿಡುವ ಕೆಲಸ ಆ ಹುಲ್ಲಿನ ಬೇರಿನದು, ಶೋಲಾದ ಮಣ್ಣಿನದು. ತುಂಗಾ, ಭದ್ರಾ, ನೇತ್ರಾವತಿ ಮೂರೂ ಈ ಉದ್ಯಾನದ ಬೆಟ್ಟಸಾಲಿನಲ್ಲೇ ಹುಟ್ಟುತ್ತವೆ. ಬೆಳಗ್ಗೆ ಬೇಗ ಹತ್ತಿದವರಿಗೆ ಎದುರಿನ ಇಳಿಜಾರಿನಲ್ಲಿ ಕಡವೆಯೋ ಕಾಟಿಯೋ ಕಂಡೀತು. ಹುಲ್ಲಿನ ಬಯಲು ಇರುವುದರಿಂದ ಇಲ್ಲಿ ಸ್ವಲ್ಪ ಭಾಗ್ಯ ಹೆಚ್ಚು. ಹತ್ತು ಗಂಟೆಗೆ ಹತ್ತಲು ಹೊರಟವರಿಗೆ ಮುಂದಿನ ಗುಂಪಿನವರ ಬೆನ್ನಿನ ಚೀಲ ಕಾಣುತ್ತದೆ.

ನಾನು ಮೊದಲ ಸಲ ಆ ಬೆಟ್ಟ ಹತ್ತಿದ್ದು ಹೊಸ ಬೂಟು ಹಾಕಿಕೊಂಡು. ಹತ್ತುವಾಗ ಏನೂ ಆಗಲಿಲ್ಲ, ಗಮ್ಮತ್ತಾಗಿತ್ತು. ಇಳಿಯುವಾಗ ಬೆರಳು ಮುಂದಕ್ಕೆ ಒತ್ತಿ ಒತ್ತಿ ಎರಡು ಹೆಬ್ಬೆರಳ ಉಗುರೂ ಕಪ್ಪಾಗಿ, ಹದಿನೈದು ದಿನ ಚಪ್ಪಲಿ ಹಾಕಿಕೊಂಡು ಮದುವೆ ಊಟಕ್ಕೆ ಹೋಗಬೇಕಾಯಿತು. ಹಳೆಯ, ಕಾಲಿಗೆ ಒಗ್ಗಿದ, ಅಡಿ ಸವೆಯದ ಶೂ ಸಾಕು. ಉಗುರು ಮಾತ್ರ ಮೂರು ದಿನ ಮುಂಚೆ ಕತ್ತರಿಸಿಕೊಳ್ಳಿ.

ಇಷ್ಟು ಹೇಳಿಯೂ ನಿಮಗೆ ಕುದುರೆಮುಖ ಈ ವರ್ಷ ಬೇಡ ಎನ್ನುತ್ತೇನೆ. ನಿಮ್ಮ ಅಪ್ಪ ಎಲ್ಲಿ ಕೂತಿರಬೇಕು? ಮುಳ್ಳೋಡಿಯಲ್ಲಿ ಒಂದು ಮನೆಯ ಜಗಲಿಯಲ್ಲಿ ಏಳೆಂಟು ಗಂಟೆ. ಅದು ಕರೆದುಕೊಂಡು ಹೋದ ಹಾಗಲ್ಲ, ಬಿಟ್ಟು ಹೋದ ಹಾಗೇ. 12 ವರ್ಷದವನು ಹತ್ತಿಯಾನು, ಆದರೆ ಆ ಮಾತನ್ನು ಮೊದಲು ಬೇರೆ ಕಡೆ ಪರೀಕ್ಷಿಸಿಕೊಳ್ಳಿ. ಎಲ್ಲಿ ಎಂದು ಮುಂದೆ ಹೇಳುತ್ತೇನೆ.

ಈ ಡಿಸೆಂಬರಿಗೆ, ನಾಲ್ಕೂ ಜನಕ್ಕೆ ಸೇರಿ, ಸೈಲೆಂಟ್ ವ್ಯಾಲಿ.

ಕಾಸರಗೋಡಿನಿಂದ ರೈಲು ಹತ್ತಿ ಶೋರನೂರಿಗೋ ಪಾಲಕ್ಕಾಡಿಗೋ ಹೋಗಿ, ಅಲ್ಲಿಂದ ಮಣ್ಣಾರ್ಕಾಡ್. ಅಲ್ಲಿ ರಾತ್ರಿ ಉಳಿಯಬಹುದು. ಅಟ್ಟಪ್ಪಾಡಿಯ ಘಾಟಿ ಹತ್ತಿದರೆ ಮುಕ್ಕಾಲಿ ಎಂಬ ಸಣ್ಣ ಪೇಟೆ, ಅರಣ್ಯ ಇಲಾಖೆಯ ಕಚೇರಿ ಇರುವುದು ಅಲ್ಲೇ. ನಿಮ್ಮ ಕಾರನ್ನು ಒಳಗೆ ಬಿಡುವುದಿಲ್ಲ. ಇಲಾಖೆ ಗೊತ್ತುಮಾಡಿಕೊಟ್ಟ ಜೀಪಿನಲ್ಲಿ ಗೈಡ್ ಜೊತೆ 23 ಕಿಲೋಮೀಟರ್ ಕಾಡಿನ ದಾರಿ, ಸೈರಂಧ್ರಿ ಎಂಬಲ್ಲಿಯವರೆಗೆ. ರಾತ್ರಿಯಿಡೀ ಯಕ್ಷಗಾನ ನೋಡಿ ಬೆಳೆದ ನಮ್ಮ ಊರಿನವರಿಗೆ ಸೈರಂಧ್ರಿ ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲ. ವಿರಾಟನ ಮನೆಯಲ್ಲಿ ದ್ರೌಪದಿ ಇಟ್ಟುಕೊಂಡ ಹೆಸರು. ಅಲ್ಲಿ ಹರಿಯುವ ಹೊಳೆ ಕುಂತಿಪ್ಪುಳ. ಅಪ್ಪನಿಗೆ ದಾರಿಯುದ್ದಕ್ಕೂ ಮಾತಿಗೆ ವಸ್ತು ಆಯಿತು.

ಆ ಹೊಳೆಗೆ ಅಡ್ಡವಾಗಿ ವಿದ್ಯುತ್ ಯೋಜನೆಯ ಅಣೆಕಟ್ಟು ಬರಬೇಕಿತ್ತು. 1970ರ ದಶಕದಲ್ಲಿ ಕೇರಳದ ಮೇಷ್ಟ್ರುಗಳು, ಸಸ್ಯಶಾಸ್ತ್ರಜ್ಞರು, ಸುಗತಕುಮಾರಿಯವರಂತಹ ಕವಿಗಳು ಸೇರಿಕೊಂಡು ಬೇಡವೆಂದರು. ಒಂದು ಕಾಡಿಗಾಗಿ ಅಷ್ಟು ಜೋರಾಗಿ ಜನ ಮಾತಾಡಿದ್ದು ದೇಶದಲ್ಲೇ ಮೊದಮೊದಲಿನದು. ಯೋಜನೆ ಬಿದ್ದುಹೋಗಿ 1984ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಣೆಯಾಯಿತು, 1985ರಲ್ಲಿ ರಾಜೀವ್ ಗಾಂಧಿ ಉದ್ಘಾಟಿಸಿದರು. ಮೂಲ ಉದ್ಯಾನ 90 ಚದರ ಕಿಲೋಮೀಟರಿಗೂ ತುಸು ಕಡಿಮೆ, ಕುದುರೆಮುಖದ ಆರನೇ ಒಂದು ಪಾಲೂ ಇಲ್ಲ. ಅಷ್ಟು ಸಣ್ಣದಕ್ಕೆ ಅಷ್ಟು ಗಲಾಟೆಯೇ ಎಂದು ಕೇಳುವವರು ಒಮ್ಮೆ ಆ ಗೋಪುರ ಹತ್ತಿ ನಿಲ್ಲಬೇಕು.

ಸೈರಂಧ್ರಿಯಲ್ಲಿ ಸುಮಾರು 30 ಮೀಟರ್ ಎತ್ತರದ ಕಬ್ಬಿಣದ ವೀಕ್ಷಣಾ ಗೋಪುರ ಇದೆ. ಮಳೆಕಾಡಿನ ಪ್ರಾಣಿಗಳೆಲ್ಲ ಛಾವಣಿಯಲ್ಲಿ ಎಂದೆನಲ್ಲ, ನೀವು ಈಗ ಛಾವಣಿಯ ಮಟ್ಟಕ್ಕೆ ಬಂದಿರಿ. ಕೆಳಗಿನಿಂದ ನೋಡಿದರೆ ಬರೀ ಹಸಿರು ಸೀಲಿಂಗ್. ಮೇಲಿನಿಂದ ನೋಡಿದರೆ ಒಂದೊಂದು ಮರದ ತಲೆಯೂ ಬೇರೆ ಬಣ್ಣ: ಒಂದು ತಾಮ್ರದ ಚಿಗುರು, ಒಂದು ಬೂದು, ಒಂದು ಕಪ್ಪುಹಸಿರು. ಮಗನನ್ನು ಕರೆದುಕೊಂಡು ನೀವು ಹತ್ತಿ, ಅಪ್ಪ ಕೆಳಗೆ ನೆರಳಲ್ಲಿ ಕೂರಲಿ. ಕೂತವರಿಗೇ ಮೊದಲು ಕಾಣುವುದು ಎಂಬುದು ನನ್ನ ಮೂವತ್ತು ವರ್ಷದ ಅನುಭವ. ಹೊಳೆಯ ಕಡೆಗೆ ಇಳಿಯುವ ಒಂದೂವರೆ ಕಿಲೋಮೀಟರಿನಷ್ಟು ಕಾಲುದಾರಿಯೂ ಇದೆ. ನಡಿಗೆಯ ಆಸೆಗೆ ಅದು ಕಡಿಮೆ, ಒಪ್ಪುತ್ತೇನೆ. ಮಂಡಿನೋವಿನವರು ಅದನ್ನು ಬಿಡಬೇಕು. ಇಳಿಯುವುದು ಸುಲಭ, ಹತ್ತುವುದು ನಂತರ ಇದೆ.

ಅಲ್ಲಿ ನೋಡಬೇಕಾದ ಪ್ರಾಣಿ ಸಿಂಗಳೀಕ, ನಮ್ಮ ಮಲಯಾಳದವರ ಸಿಂಹವಾಲನ್. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಕಾಡಿನಲ್ಲಿ ಇಲ್ಲ. ನೋಡಲು ಹೋದ ಹತ್ತರಲ್ಲಿ ಆರು ಜನ ಬೇರೆ ಮಂಗನ ಫೋಟೋ ತೆಗೆದುಕೊಂಡು ಬರುತ್ತಾರೆ. ಏಕೆಂದರೆ ಅದೇ ಕಾಡಿನಲ್ಲಿ ನೀಲಗಿರಿಯ ಕರಿ ಮುಜು, ಕರಿಂಕುರಂಙ್, ಅದೂ ಇದೆ, ಅದೂ ಕಪ್ಪು. ಗುರುತು ಹಿಡಿಯುವುದು ಹೀಗೆ: ಮೊದಲು ಬಾಲ ನೋಡಿ. ಮೈಗಿಂತ ಉದ್ದದ ಬಾಲ ಹಗ್ಗದ ಹಾಗೆ ನೇತಾಡುತ್ತಿದ್ದರೆ, ತಲೆಯ ಕೂದಲು ಕಂದು ಹಳದಿಯಾಗಿದ್ದರೆ ಅದು ಕರಿ ಮುಜು. ಬಾಲ ಗಿಡ್ಡವಾಗಿದ್ದು ತುದಿಯಲ್ಲಿ ಕುಚ್ಚು ಇದ್ದು, ಕಪ್ಪು ಮುಖದ ಸುತ್ತ ಬೂದುಬಣ್ಣದ ಕೇಸರ ಅಜ್ಜನ ಗಡ್ಡದಂತೆ ಹರಡಿದ್ದರೆ ಸಿಂಗಳೀಕ. ಕರಿ ಮುಜು ಮರದಿಂದ ಮರಕ್ಕೆ ದೊಡ್ಡ ಹಾರು ಹಾರುತ್ತದೆ, ಜೀಪಿನ ಸದ್ದಿಗೆ ಕೊಂಬೆ ಅಲುಗಾಡಿಸಿ ಗೂಕ್ ಗೂಕ್ ಎಂದು ಗದರಿಸುತ್ತದೆ. ಸಿಂಗಳೀಕ ಸದ್ದಿಲ್ಲದೆ ತೊಗಟೆ ಕೆದಕಿಕೊಂಡು, ಹುಳ ಆಯ್ದುಕೊಂಡು, ಕಾಯಿ ಕಚ್ಚಿ ಎಸೆದುಕೊಂಡು ಹೋಗುತ್ತಿರುತ್ತದೆ. ವೆಡಿಪ್ಲಾವ್ ಎಂದು ಮಲಯಾಳದಲ್ಲಿ ಹೇಳುವ ಮರ ಅದಕ್ಕೆ ಬಲು ಮುಖ್ಯ. ಹಲಸಿನ ಹಾಗೆ ಮೈಯೆಲ್ಲ ಮುಳ್ಳಿನ ಸಣ್ಣ ಕಾಯಿ, ಕೊಂಬೆಗೇ ಅಂಟಿಕೊಂಡಿರುತ್ತದೆ. ದಾರಿಯಲ್ಲಿ ಅರ್ಧ ಕಚ್ಚಿದ ಅಂತಹ ಕಾಯಿ ಬಿದ್ದದ್ದು ಕಂಡರೆ ಜೀಪು ನಿಲ್ಲಿಸಲು ಹೇಳಿ, ಎಂಜಿನ್ ಆರಿಸಿ, ಮೇಲೆ ನೋಡಿ.

ನಿಜ ಹೇಳಬೇಕೆಂದರೆ ಸೈಲೆಂಟ್ ವ್ಯಾಲಿಯಲ್ಲೂ ನಿಮಗೆ ಸಿಂಗಳೀಕ ಕಾಣದೆ ಹೋದೀತು. ಅದಕ್ಕೆ ನಾನು ಹೇಳುವ ಉಪಾಯ ಒಂದೇ, ಮೂವತ್ತು ವರ್ಷದಿಂದ ಬದಲಾಗಿಲ್ಲ: ನಡೆಯುವುದನ್ನು ನಿಲ್ಲಿಸಿ. ಮಳೆಕಾಡಿನಲ್ಲಿ ಹತ್ತು ಕಿಲೋಮೀಟರ್ ನಡೆದವನಿಗಿಂತ ಹಣ್ಣಾದ ಒಂದು ಗೋಳಿ ಮರದ ಆಚೆ ಒಂದು ಗಂಟೆ ಕೂತವನಿಗೆ ಹೆಚ್ಚು ಪ್ರಾಣಿ ಕಾಣುತ್ತದೆ.

ಇದನ್ನು ನನಗೆ ಕಲಿಸಿದ್ದು ನಮ್ಮದೇ ಜಿಲ್ಲೆಯ ರಾಣಿಪುರಂ. ಇಬ್ಬರು ಪೇಟೆಯ ಸ್ನೇಹಿತರ ಜೊತೆ ಒಮ್ಮೆ ಓಡೋಡಿ ಹತ್ತಿ, ಮಂಜು ನೋಡಿ, ಓಡೋಡಿ ಇಳಿದೆವು. ಏನೂ ಸಿಗಲಿಲ್ಲ ಎಂದು ಗೊಣಗಿಕೊಂಡು ಬರುವಾಗ ಕಾಡಿನ ಬುಡದಲ್ಲಿ ಒಬ್ಬ ವಾಚರ್ ಕಲ್ಲಿನ ಮೇಲೆ ಕೂತಿದ್ದ. ಮುಟ್ಟಾಳೆ ಮಂಡಿಯ ಮೇಲೆ, ಬಾಯಲ್ಲಿ ಎಲೆಯಡಕೆ. ಮಾತಾಡದೆ ಬೆರಳು ಮೇಲಕ್ಕೆ ಮಾಡಿದ. ನಾವು ಎರಡು ಸಲ ದಾಟಿಹೋದ ಮರ ಅದು. ಮೇಲೆ ಎರಡು ದಾಸಮಂಗಟ್ಟೆ, ಹಳದಿ ಕೊಕ್ಕಿನ ತುದಿಯಲ್ಲಿ ಒಂದು ಹಣ್ಣು ಹಿಡಿದು, ಮೇಲಕ್ಕೆ ಚಿಮ್ಮಿಸಿ, ಗಂಟಲಿಗೆ ಹಾಕಿಕೊಳ್ಳುತ್ತಿದ್ದವು. ಅಲ್ಲೇ ಕೂತೆವು. ಮುಕ್ಕಾಲು ಗಂಟೆಯಲ್ಲಿ ಒಂದು ಕೆಂಜಳಿಲು ಬಂತು, ಹಿಂದೆ ಹಸಿರು ಪಾರಿವಾಳದ ಹಿಂಡು, ಮುಜುಗಳ ಒಂದು ಸಂಸಾರ. ನೆಲಕ್ಕೆ ಬಿದ್ದ ಹಣ್ಣಿಗೆ ಒಂದು ಕಾಡುಕುರಿ ಬಂದು ಮೂಸಿ, ನಮ್ಮ ವಾಸನೆ ಹಿಡಿದು, ನಾಯಿ ಬೊಗಳಿದ ಹಾಗೆ ಒಮ್ಮೆ ಬೊಗಳಿ ಹಾರಿಹೋಯಿತು. ಮಂಗಟ್ಟೆ ಹಾರುವಾಗ ರೆಕ್ಕೆಯ ಸದ್ದು ಉಗಿ ಎಂಜಿನ್ ಬಿಟ್ಟ ಹಾಗೆ ಗಸ್ ಗಸ್ ಎಂದು ಕೇಳುತ್ತದೆ. ಕಣ್ಣಿಗಿಂತ ಮೊದಲು ಕಿವಿಗೆ ಬರುವ ಹಕ್ಕಿ ಅದು.

ಹೆಣ್ಣು ಮಂಗಟ್ಟೆ ಮರದ ಪೊಟರೆಯೊಳಗೆ ಕೂತು ಬಾಗಿಲು ಮೆತ್ತಿಕೊಂಡು ಮೂರು ತಿಂಗಳಷ್ಟು ಒಳಗೇ ಇರುತ್ತದೆ, ಗಂಡು ಸೀಳಿನಿಂದ ಹಣ್ಣು ಕೊಡುತ್ತದೆ ಎಂಬುದನ್ನು ಮಗ ಶಾಲೆಯಲ್ಲಿ ಓದಿರಬಹುದು, ಕೇರಳದ ರಾಜ್ಯಪಕ್ಷಿಯಲ್ಲವೇ.

ನಿಮ್ಮ ನಡಿಗೆಯ ಆಸೆಯನ್ನು ತೀರಿಸಿಕೊಳ್ಳಲು ಹೇಳುವ ಜಾಗ ಕೂಡ ಇದೇ ರಾಣಿಪುರಂ. ಹಳೆಯ ಹೆಸರು ಮಾಡತ್ತುಮಲ. ಕಾಞಂಗಾಡಿನಿಂದ ಪಾಣತ್ತೂರು ರಸ್ತೆಯಲ್ಲಿ ಹೋಗಬೇಕು, ಸುಮಾರು 48 ಕಿಲೋಮೀಟರ್. ಟಿಕೆಟ್ ಕೌಂಟರಿನಿಂದ ಎರಡೂವರೆ ಕಿಲೋಮೀಟರಿನಷ್ಟು ಹತ್ತಿದರೆ ಸಾವಿರ ಮೀಟರ್ ಆಸುಪಾಸಿನ ಹುಲ್ಲಿನ ನೆತ್ತಿ. ಕೆಳಗೆ ಕಾಡು, ಮೇಲೆ ಹುಲ್ಲು: ಕುದುರೆಮುಖದ ಒಂದು ಸಣ್ಣ ಮಾದರಿ. ರಾಷ್ಟ್ರೀಯ ಉದ್ಯಾನವಲ್ಲ, ಆದರೆ ಅದರ ಬೆನ್ನಿಗೇ ಕೊಡಗಿನ ತಲಕಾವೇರಿ ವನ್ಯಜೀವಿಧಾಮ. ಆನೆಗೆ ರಾಜ್ಯದ ಗಡಿ ಗೊತ್ತಿಲ್ಲ. ಮುಳಿಯಾರು, ಕಾರಡ್ಕ, ದೇಲಂಪಾಡಿಯ ತೋಟದವರನ್ನು ಕೇಳಿದರೆ ಅದು ಇನ್ನೂ ಚೆನ್ನಾಗಿ ಹೇಳುತ್ತಾರೆ. ಆನೆ ಇಳಿದ ದಿನ, ಬೇಸಿಗೆಯಲ್ಲಿ ಬೆಂಕಿಯ ಭಯ ಇರುವಾಗ ಹತ್ತಲು ಬಿಡುವುದಿಲ್ಲ. ನವೆಂಬರಿನ ಒಂದು ಭಾನುವಾರ ಬೆಳಗ್ಗೆ ಮೊದಲ ಟಿಕೆಟ್ ನಿಮ್ಮದಾಗಲಿ. ಮಗ ಹತ್ತಿ ಇಳಿದು, ಮನೆಗೆ ಬಂದು, ಸಂಜೆ ಮತ್ತೆ ಚೆಂಡು ಹಿಡಿದುಕೊಂಡು ಹೊರಗೆ ಹೋದರೆ ಮುಂದಿನ ವರ್ಷದ ಅಕ್ಟೋಬರಿಗೆ ಕುದುರೆಮುಖದ ಅನುಮತಿ ತೆಗೆಯಿರಿ, ನೀವಿಬ್ಬರೇ. ದೀವಾನದ ಮೇಲೆ ಬಿದ್ದುಕೊಂಡರೆ ಇನ್ನೊಂದು ವರ್ಷ ಕಾಯಿರಿ.

ಮುನ್ನಾರಿನ ಹತ್ತಿರದ ಎರವಿಕುಳಂ ರಾಷ್ಟ್ರೀಯ ಉದ್ಯಾನದ ಬಗ್ಗೆ ನೀವು ಕೇಳಿಲ್ಲ, ಯಾರಾದರೂ ಹೇಳಿಯೇ ಹೇಳುತ್ತಾರೆ. ವರೆಯಾಡು, ಅಂದರೆ ನೀಲಗಿರಿಯ ಕಾಡುಮೇಕೆ, ನಿಶ್ಚಿತವಾಗಿ ಹತ್ತಿರದಿಂದ ಕಾಣುವ ಜಾಗ, ಅಪ್ಪನಿಗೂ ಆದೀತು. ಆದರೆ ಮೂರು ದಿನದಲ್ಲಿ ಪೆರ್ಲದಿಂದ ಮುನ್ನಾರಿಗೆ ಹೋಗಿ ಬಂದರೆ ಎರಡು ದಿನ ವಾಹನದಲ್ಲೇ ಕಳೆಯುತ್ತದೆ. ಮರಿ ಹಾಕುವ ಕಾಲವೆಂದು ಫೆಬ್ರವರಿ, ಮಾರ್ಚಿನಲ್ಲಿ ಮುಚ್ಚಿಯೂ ಇರುತ್ತದೆ. 2030ರಲ್ಲಿ ನೀಲಕುರಿಂಜಿ ಅರಳುವಾಗ ಹೋಗಿ.

ಈಗ ಉಂಬಳದ ಮಾತು. ಡಿಸೆಂಬರಿನಲ್ಲಿ ಅದು ಜೂನ್, ಜುಲೈಯ ಹಾಗೆ ಇರುವುದಿಲ್ಲ. ಹುಲ್ಲುಗಾವಲಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ, ತೋಡಿನ ಬದಿಯ ಹಸಿ ತರಗೆಲೆಯಲ್ಲಿ ಮಾತ್ರ. ಅದನ್ನು ಒಮ್ಮೆ ಹೆದರದೆ ನೋಡಿ: ಎಲೆಯ ತುದಿಯಲ್ಲಿ ನೂಲಿನ ತುಂಡಿನ ಹಾಗೆ ನಿಂತಿರುತ್ತದೆ. ನಿಮ್ಮ ಹೆಜ್ಜೆಯ ಅದುರು, ಉಸಿರಿನ ಬಿಸಿ ತಾಗಿದ್ದೇ ತಲೆ ಆಡಿಸತೊಡಗಿ, ಗೇಣು ಹಾಕಿದ ಹಾಗೆ ಬಾಗಿ ಬಾಗಿ ನಿಮ್ಮ ಕಡೆಗೇ ಬರುತ್ತದೆ. ಸಾಲಿನಲ್ಲಿ ಮೊದಲು ಹೋದವನು ಅದನ್ನು ಎಬ್ಬಿಸುತ್ತಾನೆ, ಕಡಿಸಿಕೊಳ್ಳುವವರು ಹಿಂದಿನವರು. ಹಾಗಾಗಿ ನಿಮ್ಮ ಮನೆಯವರನ್ನು ಮುಂದೆ ನಡೆಸಿ. ಉಂಬಳದ ಕಾಲುಚೀಲ ಎಂದೇ ಮಂಡಿಯವರೆಗಿನ ಬಟ್ಟೆಯ ಚೀಲ ಸಿಗುತ್ತದೆ, ಪ್ಯಾಂಟನ್ನು ಅದರೊಳಗೆ ಸಿಕ್ಕಿಸಿ. ಹೊಗೆಸೊಪ್ಪು, ಉಪ್ಪು, ವೀಳ್ಯದ ಸುಣ್ಣ ಬಟ್ಟೆಯ ಮೇಲೆ ಸವರುವ ಹಳೆಯ ಕ್ರಮವೂ ಕೆಲಸ ಮಾಡುತ್ತದೆ, ಮಳೆ ಇಲ್ಲದಿದ್ದರೆ. ಕಚ್ಚಿದ್ದನ್ನು ಬೆಂಕಿಕಡ್ಡಿಯಿಂದ ಸುಡಬೇಡಿ. ಹೊಟ್ಟೆಯಲ್ಲಿದ್ದದ್ದನ್ನು ಗಾಯಕ್ಕೆ ಕಕ್ಕುತ್ತದೆ. ಉಗುರಿನಿಂದ ಬಾಯಿಯ ಬದಿಗೆ ಸರಿಸಿ ಬಿಡಿಸಿ. ರಕ್ತ ಹೆಪ್ಪುಗಟ್ಟದ ಹಾಗೆ ಒಂದು ಪದಾರ್ಥವನ್ನು ಅದು ಬಿಟ್ಟಿರುವುದರಿಂದ ಸ್ವಲ್ಪ ಹೊತ್ತು ಹರಿಯುತ್ತದೆ, ಒತ್ತಿ ಹಿಡಿದರೆ ಸಾಕು.

ಹೆದರಬೇಕಾದ ಪ್ರಾಣಿ ಉಂಬಳವಲ್ಲ, ಉಣ್ಣಿ. ಮಂಗನ ಕಾಯಿಲೆ ಹರಡುವುದು ಅದರಿಂದ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಪತ್ತೆಯಾದ ಕಾಯಿಲೆ, ಈಗ ಘಟ್ಟದ ಉದ್ದಕ್ಕೂ ಅಲ್ಲಲ್ಲಿ ಬರುತ್ತದೆ. ಡಿಸೆಂಬರಿನಿಂದ ಮಳೆ ಬರುವವರೆಗೆ ಅದರ ಕಾಲ, ಏಕೆಂದರೆ ಸಾಸಿವೆಯಷ್ಟು ಸಣ್ಣ ಮರಿ ಉಣ್ಣಿಗಳು ತರಗೆಲೆಯಲ್ಲಿ ತುಂಬಿರುವುದು ಆಗ. ಒಣ ತರಗೆಲೆಯ ಮೇಲೆ ನೇರ ಕೂರಬೇಡಿ, ಒಂದು ಅಡಕೆ ಹಾಳೆಯನ್ನೋ ಪ್ಲಾಸ್ಟಿಕ್ ಚಾಪೆಯನ್ನೋ ಹಾಕಿಕೊಳ್ಳಿ. ತೋಳು ಮುಚ್ಚುವ ಅಂಗಿ ಇರಲಿ. ಬಂದ ದಿನವೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಉಜ್ಜಿ ಸ್ನಾನ ಮಾಡಿ, ಕಂಕುಳು, ಕಿವಿಯ ಹಿಂದೆ, ಸೊಂಟದ ಪಟ್ಟಿ ಎಲ್ಲ ನೋಡಿಕೊಳ್ಳಿ. ದಾರಿಯಲ್ಲಿ ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಫಾರೆಸ್ಟಿನವರಿಗೆ ತಿಳಿಸಿ. ವಾರ, ಹತ್ತು ದಿನದೊಳಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಕಾಡಿಗೆ ಹೋಗಿದ್ದೆವೆಂದು ಡಾಕ್ಟರಿಗೆ ನೀವಾಗಿಯೇ ಹೇಳಿ. ಕೇಳಲಿ ಎಂದು ಕಾಯಬೇಡಿ.

ಆನೆಯ ವಿಷಯ ಚುಟುಕಾಗಿ. ಕಾಲುದಾರಿಯಲ್ಲಿ ಬೈನೆ ಮರವನ್ನು ಸೀಳಿ ತಿರುಳು ತಿಂದದ್ದು ಕಂಡರೆ, ಲದ್ದಿಯ ಮೇಲೆ ಇನ್ನೂ ಹೊಳಪಿದ್ದು ಹಬೆ ಆಡುತ್ತಿದ್ದರೆ, ಮುಂದೆ ಹೋಗುವುದು ಬೇಡ, ಬಂದ ದಾರಿಯಲ್ಲೇ ಹಿಂದಿರುಗಿ. ಇಳಿಜಾರಿನಲ್ಲಿ ಓಡಿದರೆ ಆನೆ ಬರುವುದಿಲ್ಲ ಎಂಬ ಮಾತನ್ನು ನಂಬಬೇಡಿ, ಅದು ನಿಮಗಿಂತ ಚೆನ್ನಾಗಿ ಇಳಿಯುತ್ತದೆ. ಗೈಡ್ ಕೈ ಎತ್ತಿದರೆ ಅಲ್ಲಿಗೆ ಮಾತು ನಿಲ್ಲಬೇಕು, ಮೊಬೈಲೂ ಜೇಬಿಗೆ.

ತೆಗೆದುಕೊಂಡು ಹೋಗಬೇಕಾದದ್ದು ಹೆಚ್ಚಿಲ್ಲ. ಎಂಟು ಪಟ್ಟು ದೊಡ್ಡದು ಮಾಡಿ ತೋರಿಸುವ 8×42ರ ಒಂದು ಬೈನಾಕ್ಯುಲರ್ ಕ್ಯಾಮೆರಾಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಅದಕ್ಕಿಂತ ಹೆಚ್ಚು ದೊಡ್ಡದು ಮಾಡಿ ತೋರಿಸುವುದನ್ನು ಕೊಂಡರೆ ಮಳೆಕಾಡಿನ ಕತ್ತಲಲ್ಲಿ ಕೈನಡುಕವೇ ಕಾಣುತ್ತದೆ. ಬಿಳಿ, ಕೆಂಪು ಅಂಗಿ ಬೇಡ. ಸೆಂಟು ಬೇಡ. ಅವಲಕ್ಕಿ, ಬೆಲ್ಲ, ಬಾಳೆಹಣ್ಣು ಸ್ಟೀಲಿನ ಡಬ್ಬಿಯಲ್ಲಿ. ಬಾಳೆಹಣ್ಣಿನ ಸಿಪ್ಪೆಯನ್ನೂ ವಾಪಸು ತನ್ನಿ, ಮಂಗನಿಗೆ ಹಾಕುವುದು ದಾನವಲ್ಲ, ರಸ್ತೆಗೆ ಅಭ್ಯಾಸ ಮಾಡಿಸುವುದು. ಒಂದು ಸಣ್ಣ ನೋಟ್‌ಬುಕ್ ಮಗನ ಕೈಗೆ: ಕಂಡದ್ದಕ್ಕೆ ಒಂದು ಪುಟ, ಕೇಳಿದ್ದಕ್ಕೆ ಒಂದು ಪುಟ. ಎರಡನೆಯ ಪುಟ ಮೊದಲು ತುಂಬುತ್ತದೆ, ನೋಡಿ. ಬೆಳಗಿನ ಹೊತ್ತು ತೋಡಿನ ಬದಿಯಲ್ಲಿ ಸೋಮಾರಿ ಹುಡುಗನ ಸಿಳ್ಳೆಯಂತೆ ಏನೋ ರಾಗ ಎಳೆದರೆ ಅದು ಸಿಳ್ಳಾರ. ಬೆಕ್ಕು, ಗಿಡುಗ, ಇನ್ಯಾವುದೋ ಹಕ್ಕಿ ಎಲ್ಲ ಒಂದೇ ಕೊಂಬೆಯಿಂದ ಕೂಗಿದರೆ ಅದು ಭೀಮರಾಜ, ಮಿಮಿಕ್ರಿ ಮಾಡುತ್ತಿರುತ್ತದೆ.

ಮೂರು ದಿನದ ಲೆಕ್ಕ ಹೀಗೆ ಹಾಕಿಕೊಳ್ಳಿ: ಮೊದಲ ದಿನ ರೈಲು, ಮಣ್ಣಾರ್ಕಾಡಿನಲ್ಲಿ ರಾತ್ರಿ. ಎರಡನೆಯ ದಿನ ಕತ್ತಲಿರುವಾಗಲೇ ಎದ್ದು ಮುಕ್ಕಾಲಿಗೆ ಹೋಗಿ ಮೊದಲ ಜೀಪು. ಎರಡನೆಯ, ಮೂರನೆಯ ಜೀಪಿನವರಿಗೆ ಧೂಳು, ಮೊದಲಿನವರಿಗೆ ಕಾಡು. ಮೂರನೆಯ ದಿನ ವಾಪಸು. ಎರಡು ಜಾಗ ಸೇರಿಸಲು ಹೋಗಬೇಡಿ, ಊಟಿಗೂ ಹಾಗೇ ಒಂದು ಸುತ್ತು ಎಂದು ಯಾರಾದರೂ ಆಸೆ ಹುಟ್ಟಿಸಿದರೆ ಕೇಳಬೇಡಿ. ಜೀಪಿನಲ್ಲಿ ಡ್ರೈವರಿನ ಪಕ್ಕದ ಸೀಟು ಅಪ್ಪನಿಗೆ. ದಾರಿ ಕುಲುಕುತ್ತದೆ, ಹಿಂದೆ ಕೂತರೆ ಮಂಡಿ ತಡೆಯದು.

ರಜೆಯ ದಿನಗಳಲ್ಲಿ ಜೀಪುಗಳ ಸಂಖ್ಯೆಗೆ ಮಿತಿ ಇರುವುದರಿಂದ ಮೊದಲೇ ಮುಕ್ಕಾಲಿಯ ಕಚೇರಿಗೆ ಫೋನ್ ಮಾಡಿ ಕಾದಿರಿಸಿಕೊಳ್ಳಿ, ಹೊರಡುವ ಹಿಂದಿನ ದಿನ ಇನ್ನೊಮ್ಮೆ ಮಾಡಿ. ಮಲಯಾಳದಲ್ಲಿ ಮಾತಾಡುವ ಕೆಲಸ ಮಗನಿಗೇ ಕೊಡಿ. ಸಿಂಹವಾಲನ್ ಈಗ ಯಾವ ಕಡೆ ಇದೆ ಎಂದು ಅವನೇ ಕೇಳಲಿ, ಮಕ್ಕಳು ಕೇಳಿದರೆ ವಾಚರುಗಳು ಎರಡು ಮಾತು ಹೆಚ್ಚು ಹೇಳುತ್ತಾರೆ.